ಕೆರಿನ್ ತಂದ ಚಾಕು

ಅಪ್ಪನಿಗೆ ಎಂಬತ್ತೆರಡು ತುಂಬಿದಾಗ ನಾನೊಂದು ಚಾಕು ಕೊಟ್ಟೆ. ಇಂಗ್ಲೆಂಡಿನಲ್ಲಿ ಮಾಡಿದ್ದು. ಮೂರು ಅಲಗು, ದನದ ಮೂಳೆಯ ಹಿಡಿ, ಮಡಚಿದರೆ ಅಂಗೈಯಲ್ಲಿ ಅಡಗುತ್ತಿತ್ತು. ಹತ್ತಿರದ ಪೇಟೆ ಆರ್ಮಿಡೇಲಿನಲ್ಲಿ ಕುದುರೆಯ ಜೀನು ಮಾರುವ ಅಂಗಡಿಯವನಿಗೆ ಮೂರು ತಿಂಗಳು ಮೊದಲೇ ಹೇಳಿ ತರಿಸಿದ್ದೆ. ಕ್ಲೆಮ್ ಡ್ರಿಸ್ಕಲ್ ಎಂಬ ಅಪ್ಪನ ಹೆಸರಿನ ಎರಡು ಮೊದಲಕ್ಷರಗಳನ್ನು ಹಿಡಿಯ ಮೇಲೆ ಕೆತ್ತಿಸಿದ್ದೆ. ಎಷ್ಟು ಕೊಟ್ಟೆನೆಂದು ನನ್ನ ಗಂಡ ಗ್ರೇಮ್‌ಗೂ ಹೇಳಿರಲಿಲ್ಲ.

ಅಪ್ಪ ಪೆಟ್ಟಿಗೆ ತೆಗೆದು ನೋಡಿದ. ಚಾಕುವನ್ನು ಮಗುಚಿ ಅಕ್ಷರಗಳ ಮೇಲೆ ಬೆರಳಾಡಿಸಿದ.

"ಇಷ್ಟೊಳ್ಳೇ ಚಾಕು ನನ್ ಕೈಗೆ ಯಾವತ್ತೂ ಬಂದಿರ್ಲಿಲ್ಲ ಮಗಳೇ," ಅಂದ.

ಆಮೇಲೆ ಅದನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ. ಒಂದು ಅಲಗನ್ನೂ ತೆರೆದು ನೋಡಲಿಲ್ಲ. ಒಳ್ಳೆಯ ಸಾಮಾನಿನ ಮೇಲಿನ ಗೌರವ ಎಂದುಕೊಂಡೆ.

ಕೆರಿನ್ ಬಂದಾಗ ನಮ್ಮ ಊಟ ಮುಗಿದು ಪಾತ್ರೆ ತೊಳೆದಾಗಿತ್ತು. ಕೆರಿನ್ ನನ್ನ ತಂಗಿ, ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಘಟ್ಟ ಇಳಿದರೆ ಸಿಗುವ ಕಾಫ್ಸ್ ಹಾರ್ಬರ್‌ನಲ್ಲಿ, ಸಮುದ್ರದ ಪಕ್ಕ ಪ್ರವಾಸಿಗಳು ವ್ಯಾನು ನಿಲ್ಲಿಸಿಕೊಂಡು ತಂಗುವ ಜಾಗವೊಂದರ ಆಫೀಸು ನೋಡಿಕೊಳ್ಳುತ್ತಾಳೆ. ಘಟ್ಟದ ಮೇಲಿನ ನಮ್ಮೂರು ಗಯ್ರಾಗೆ ವರ್ಷಕ್ಕೆ ಮೂರು ಸಲ ಬರುತ್ತಾಳೆ, ಮೂರು ಸಲವೂ ತಡವಾಗಿ. ಆ ದಿನ ಐಸಿನ ಡಬ್ಬಿಯ ತುಂಬ ಸಿಗಡಿ ಹೊತ್ತುಕೊಂಡು, ಬಾಗಿಲನ್ನು ಸೊಂಟದಿಂದ ದೂಡಿಕೊಂಡು ಒಳಗೆ ಬಂದಳು.

"ಎಲ್ಲಪ್ಪಾ ಹುಟ್ಟಿದಬ್ಬದ ಹುಡುಗ? ಇನ್ನೂ ಹಲ್ಲಿದ್ಯಾ, ಇಲ್ಲಾ ಸಿಗಡೀನ ನಾನೇ ಅಗಿದು ಕೊಡ್ಲಾ?"

"ಬಂದ್ಯಾ ಕಳ್ಳಿ!" ಅಪ್ಪ ಕುರ್ಚಿಯಿಂದ ಎದ್ದೇ ನಿಂತ. ಬೆಳಿಗ್ಗೆಯಿಂದ ಮಂಡಿನೋವೆಂದು ನಾನು ಚಹಾವನ್ನು ಕುರ್ಚಿಗೇ ತಂದುಕೊಡುತ್ತಿದ್ದೆ.

ಕೆರಿನ್ ಪ್ಯಾಂಟಿನ ಹಿಂಜೇಬಿನಿಂದ ಒಂದು ಪೊಟ್ಟಣ ತೆಗೆದು ಅಪ್ಪನ ಮುಂದೆ ಹಾಕಿದಳು. ರಟ್ಟಿಗೆ ಅಂಟಿಸಿದ ಪ್ಲಾಸ್ಟಿಕ್ಕಿನೊಳಗೆ ಒಂದು ಮಡಚುವ ಚಾಕು. ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಇಪ್ಪತ್ತು ಡಾಲರಿಗೆ ಐದು ಸೆಂಟು ಕಡಿಮೆ.

"ದಾರೀಲಿ ಐಸು ತಗೊಳೋಕೆ ಮೀನುಗಾಳದ ಅಂಗಡಿಗೆ ಹೋಗಿದ್ದೆ. ದುಡ್ಡು ಕೊಡೋ ಕಡೆ ಒಂದು ಬಕೆಟ್ ತುಂಬ ಇಟ್ಟಿದ್ರು."

"ಬಕೆಟ್ಟಲ್ಲಾ?" ಎಂದೆ ನಾನು.

"ಹೂಂ ಅಕ್ಕ. ಕಪ್ಪು, ಹಸಿರು, ಕಿತ್ತಳೆ. ಹುಲ್ಲಲ್ಲಿ ಬೀಳಿಸ್ಕೊಂಡ್ರೆ ಕಾಣ್ಲಿ ಅಂತ ಕಿತ್ತಳೆ ಆರಿಸ್ದೆ."

ಪೊಟ್ಟಣ ಕತ್ತರಿಸಿ ಅದನ್ನು ಮೊದಲು ಕೈಗೆತ್ತಿಕೊಂಡವಳು ನಾನು. ಚಾಕುವಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಅದು ನನ್ನ ಹಕ್ಕೆಂದೇ ನಾನು ತಿಳಿದಿದ್ದೆ. ಹಿಡಿ ಪ್ಲಾಸ್ಟಿಕ್ಕಿನದು. ಅಂಗೈಯಲ್ಲಿಟ್ಟರೆ ತೂಕವೇ ಇಲ್ಲ. ಯಂತ್ರದ ಎಣ್ಣೆಯ ವಾಸನೆ. ಮಡಚಿದಾಗ ಅಲಗು ಹಿಡಿಯ ನಡುವೆ ಕೂರದೆ ಒಂದು ಬದಿಗೆ ವಾಲಿತ್ತು. ತೆರೆದು ಅಲುಗಿಸಿದರೆ ಬುಡದಲ್ಲಿ ಕೂದಲೆಳೆಯಷ್ಟು ಸಡಿಲವಿತ್ತು. ಅಂಚನ್ನು ಬೆಳಕಿಗೆ ಹಿಡಿದೆ. ತುದಿಯ ಹತ್ತಿರ ಸಾಣೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

"ಇಪ್ಪತ್ತು ಡಾಲರಿಗೆ ಇನ್ನೇನು, ಹಾಡು ಹೇಳ್ಬೇಕಾ ಅದು?" ಎಂದಳು ಕೆರಿನ್, ಸಿಗಡಿ ಸುಲಿಯುತ್ತಾ.

"ಕೊಡಿಲ್ಲಿ," ಅಂದ ಅಪ್ಪ.

ಅಲಗಿನ ಬುಡದಲ್ಲಿ ಹೆಬ್ಬೆರಳಿಗೆಂದು ಒಂದು ಸಣ್ಣ ಗುಂಡಿ ಇತ್ತು. ಅಪ್ಪ ಅದನ್ನು ಹೆಬ್ಬೆರಳಿನ ಮಗ್ಗುಲಿನಿಂದ ದೂಡಿದ. ಟಕ್ ಎಂದು ತೆರೆದುಕೊಂಡಿತು. ಮಡಚಿದ. ಮತ್ತೆ ಟಕ್. ಅವನ ಬಾಯಿ ಅರ್ಧ ತೆರೆದಿತ್ತು. ಆ ಮಧ್ಯಾಹ್ನವೆಲ್ಲ ಕೆರಿನ್ ಸಮುದ್ರದೂರಿನ ಸುದ್ದಿ ಹೇಳುತ್ತಿದ್ದಳು, ಅಪ್ಪ ಟಕ್ ಟಕ್ ಮಾಡುತ್ತಾ ಕೇಳುತ್ತಿದ್ದ. ನನ್ನ ಪೆಟ್ಟಿಗೆ ಮೇಜಿನ ತುದಿಯಲ್ಲಿತ್ತು. ಸಿಗಡಿಯ ಸಿಪ್ಪೆ ತುಂಬಿದ ತಟ್ಟೆಗೆ ಜಾಗ ಬೇಕಾದಾಗ ಯಾರೋ ಅದನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟರು.

ಇದನ್ನು ಓದುವವರಿಗೆ ಒಂದು ಚಾಕುವಿಗೆ ಇಷ್ಟು ರಾದ್ಧಾಂತವೇ ಎನಿಸಬಹುದು. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಉಣ್ಣೆ ಶೆಡ್ಡಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಸಾಣೆ ಹಿಡಿಯುವುದನ್ನು ಕಲಿಸಿದ. ಮಾತು ಕಡಿಮೆಯ ಮನುಷ್ಯ. ತನ್ನ ದಪ್ಪ ಕೈಯನ್ನು ನನ್ನ ಕೈಯ ಮೇಲಿಟ್ಟು ಅಲಗನ್ನು ಕಲ್ಲಿನ ಮೇಲೆ ಎಳೆಸುತ್ತಿದ್ದ. ಕೆರಿನ್‌ಗೆ ಕಲಿಸಲಿಲ್ಲ. ಅವಳು ಪಿಕಪ್‌ನಲ್ಲಿ ಅಪ್ಪನ ಪಕ್ಕ ಕೂತು ಹಾಡುತ್ತಿದ್ದಳು, ಅಪ್ಪ ನಗುತ್ತಿದ್ದ. ನಗಿಸುವುದು ಅವಳ ಪಾಲಿಗೆ, ಸಾಣೆ ನನ್ನ ಪಾಲಿಗೆ. ನಾನು ಅದಕ್ಕೆ ಒಪ್ಪಿಕೊಂಡಿದ್ದೆ. ಅಮ್ಮ ಹೋದ ಮೇಲೆ ಗ್ರೇಮ್ ಮತ್ತು ನಾನು ಇಲ್ಲಿಗೇ ಬಂದು ಕುರಿ ನೋಡಿಕೊಂಡೆವು. ಹದಿನೆಂಟು ವರ್ಷಗಳಿಂದ ಅಪ್ಪನ ಪ್ರತಿ ಚಾಕುವಿಗೂ ಸಾಣೆ ಹಿಡಿದವಳು ನಾನು. ನನ್ನ ಪಾಲಿನ ಒಂದೇ ಒಂದು ಜಾಗಕ್ಕೆ ಅವಳು ಬಕೆಟ್ಟಿನಿಂದ ಒಂದು ಚಾಕು ಎತ್ತಿಕೊಂಡು ಬಂದಿದ್ದಳು.

ನಮ್ಮಲ್ಲಿ ಚಳಿಗಾಲ ಕಾಲಿಡುವ ಜೂನ್ ಹೊತ್ತಿಗೆ ಕಿತ್ತಳೆ ಚಾಕು ಅಪ್ಪನ ಮೈಗೇ ಅಂಟಿಕೊಂಡಿತ್ತು. ಬೆಳಗಿನ ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಪೆಂಡಿಯ ಹುರಿಯನ್ನು ಅದರಿಂದಲೇ ಕತ್ತರಿಸುತ್ತಿದ್ದ. ಸೇಬು ಹೆಚ್ಚುವುದು, ಕಾಗದ ಒಡೆಯುವುದು, ಬೂಟಿನ ಮಣ್ಣು ಕೆರೆಯುವುದು ಎಲ್ಲ ಅದರಿಂದಲೇ. ನನ್ನ ಚಾಕು ಅವನ ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿ ಮಲಗಿತ್ತು.

"ಅಪ್ಪಾ, ಮೂಳೆ ಹಿಡೀದು ಯಾಕೆ ತಗೊಳಲ್ಲ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಅದು ಒಳ್ಳೇದು ಮಗಳೇ. ಅದಕ್ಕೇ ಇಟ್ಟಿದೀನಿ."

"ಚಾಕು ಇರೋದು ಇಡೋಕಲ್ಲ ಅಂತ ನೀನೇ ಹೇಳ್ತಿದ್ದೆ."

ಅವನು ನಾಯಿಯನ್ನು ಕರೆದ. ನಾಯಿ ಅವನ ಕಾಲ ಬುಡದಲ್ಲೇ ಇತ್ತು.

ಅದೇ ತಿಂಗಳು ಮುದಿ ಕುರಿಗಳನ್ನು ಮಾರಲು ಆರ್ಮಿಡೇಲಿನ ಹರಾಜಿಗೆ ಹೋದೆವು. ಮಾರಾಟ ಮುಗಿದ ಮೇಲೆ ಗಂಡಸರು ಎಂದಿನಂತೆ ಕುರಿದೊಡ್ಡಿಯ ಕಟಾಂಜನಕ್ಕೆ ಒರಗಿ ನಿಂತರು. ನಾನು ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜು ತೆಗೆದುಕೊಂಡು ಹಿಂದಿರುಗುವಷ್ಟರಲ್ಲಿ ಟಕ್ ಎಂಬ ಸದ್ದು ಕೇಳಿತು. ನಮ್ಮ ಬೇಲಿಯಾಚೆಯ ಡಡ್ಲಿ ಫೆನ್, ಅವನೂ ಎಪ್ಪತ್ತು ದಾಟಿದವನು, ಕೈ ಚಾಚಿದ್ದ.

"ಏನೋ ಅದು ಕ್ಲೆಮ್, ಕ್ಯಾರೆಟ್ಟಾ? ಕೊಡಿಲ್ಲಿ." ತೂಗಿ ನೋಡಿದ. "ಒಳಗೇನೂ ಇಲ್ವಲ್ಲೋ. ಗಾಳಿ ತುಂಬಿದಾರಾ?"

"ಹಗುರ ಇದ್ರೆ ಪ್ಯಾಂಟು ಜಾರಲ್ಲ," ಅಂದ ಅಪ್ಪ. "ನಿನ್ನ ಚಾಕು ಹಾಕ್ಕೊಂಡು ನೀನು ಒಂದ್ಕಡೆ ವಾಲ್ಕೊಂಡೇ ನಡೀತೀಯಲ್ಲ."

ಡಡ್ಲಿ ಮುಂಗೈಯ ಕೂದಲು ಬೋಳಿಸಿ ನೋಡಿದ. ಪಕ್ಕದವನೊಬ್ಬ ಕಿತ್ತುಕೊಂಡು ಕಟಾಂಜನದ ಮರಕ್ಕೆ ಎರಡೇಟು ಹಾಕಿದ. ಉಕ್ಕು ಮೆದು ಎಂದ ಒಬ್ಬ. ಈ ಬೆಲೆಗೆ ಇದು ಧಾರಾಳ ಎಂದ ಇನ್ನೊಬ್ಬ. ತೆರೆದಾಗ ಅಲಗಿನ ಹಿಂದೆ ಬಂದು ಕೂರುವ ತಗಡನ್ನು ಒತ್ತಿ ನೋಡಿ, ಹಿಡಿತ ಗಟ್ಟಿಯಿದೆ, ಬೆರಳ ಮೇಲೆ ಮಡಚಿಕೊಳ್ಳುವ ಪೈಕಿ ಅಲ್ಲ ಎಂದು ಡಡ್ಲಿ ತೀರ್ಪು ಕೊಟ್ಟ.

"ಎಲ್ಲಿ ಸಿಕ್ತು?"

"ನನ್ ಚಿಕ್ಕ ಮಗಳು ತಂದಿದ್ದು. ಕೆರಿನ್," ಅಂದ ಅಪ್ಪ. ಆ ಹೆಸರನ್ನು ಅವನು ಹೇಳಿದ ರೀತಿಗೆ ನನ್ನ ಕೈಯ ಸಾಸೇಜು ರುಚಿಗೆಟ್ಟಿತು. "ದೊಡ್ಡೋಳೂ ಒಂದು ಕೊಟ್ಟಿದಾಳೆ, ಇಂಗ್ಲೆಂಡಿಂದು," ಎಂದು ನನ್ನನ್ನು ಕಂಡು ಸೇರಿಸಿದ. ಅದನ್ನು ನೋಡಬೇಕೆಂದು ಯಾರೂ ಕೇಳಲಿಲ್ಲ. ಮನೆಯ ಡ್ರಾಯರಿನಲ್ಲಿರುವ ಚಾಕುವನ್ನು ಯಾರು ತಾನೇ ಕೇಳುತ್ತಾರೆ?

ಇನ್ನು ಅದು ಮೊಂಡಾಗುವುದನ್ನು ಕಾಯುವುದೊಂದೇ ನನಗೆ ಉಳಿದಿತ್ತು. ಮೆದು ಉಕ್ಕು, ಬಹಳ ದಿನ ಕಾಯಿಸುವುದಿಲ್ಲ ಎಂದು ಗೊತ್ತಿತ್ತು. ಜುಲೈ ಮೊದಲ ವಾರ ಅಪ್ಪ ಅದನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ.

"ಸ್ವಲ್ಪ ಕಲ್ಲಿಗೆ ಹಾಕ್ತೀಯಾ?"

"ಹಾಕೋಣ ಬಿಡು," ಎಂದೆ.

ಆಮೇಲೆ ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅಂಚನ್ನು ಕಲ್ಲಿನ ಮೇಲೆ ಎಳೆಯುವಾಗ ಅಲಗಿನ ಬೆನ್ನನ್ನು ತುಸು ಹೆಚ್ಚು ಎತ್ತಿದೆ. ಬೇಕೆಂದೇ ಎತ್ತಿದೆ. ಬುಡದಿಂದ ತುದಿಯವರೆಗೆ ಅಂಚನ್ನು ದುಂಡಗೆ ಮಾಡಿ, ಮೇಲ್ನೋಟಕ್ಕೆ ಮಿನುಗುವಂತೆ ಉಜ್ಜಿ ಒರೆಸಿಕೊಟ್ಟೆ. ಅಪ್ಪ ಹೆಬ್ಬೆರಳನ್ನು ಅಂಚಿಗೆ ಅಡ್ಡ ಸವರಿದ. ಮಡಚಿ ಜೇಬಿಗೆ ಹಾಕಿಕೊಂಡ. ಮರುದಿನ ಹುಲ್ಲು ಹಾಕುವಾಗ ಅವನು ಒಂದು ಹುರಿಯನ್ನು ಗರಗಸದಂತೆ ಹಿಂದೆ ಮುಂದೆ ಎಳೆಯುತ್ತಿರುವುದನ್ನು ಪಿಕಪ್ಪಿನ ಕನ್ನಡಿಯಲ್ಲಿ ನೋಡಿ ನನ್ನ ಎದೆ ಹಗುರವಾಯಿತು. ಸಂಜೆಯೊಳಗೆ ಅವನು ಡ್ರಾಯರು ತೆರೆಯುತ್ತಾನೆ ಎಂದುಕೊಂಡೆ.

ಡ್ರಾಯರು ತೆರೆಯಲಿಲ್ಲ. ಭಾನುವಾರ ಸಂಜೆ ಕೆರಿನ್‌ಗೆ ಫೋನು ಮಾಡಿದ. ಪ್ರತಿ ಭಾನುವಾರದ ಪದ್ಧತಿ ಅದು. ಕಿವಿ ಮಂದವಾದ್ದರಿಂದ ಅವನ ಮಾತು ಹಿತ್ತಲವರೆಗೂ ಕೇಳುತ್ತದೆ. ನಾನು ಅಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ.

"ಚಾಕು ಚೆನ್ನಾಗಿದೆ ಕಣೇ. ಚಾಕೂದೇನೂ ತಪ್ಪಿಲ್ಲ. ನಿಮ್ಮಕ್ಕಂಗೇ ಕೈ ಕೂರ್ತಿಲ್ಲ ಈಗೀಗ. ... ಹೂಂ, ಸಾಣೆ ಹಿಡಿಯೋಕೆ ಕೊಟ್ಟಿದ್ದೆ. ಪಾಪ, ಅವಳಿಗೂ ಐವತ್ತಾರಾಯ್ತಲ್ಲ. ಕಣ್ಣೂ ಮಂಜಾಗಿರ್ಬೇಕು. ... ಇಲ್ಲ ಇಲ್ಲ, ಅವಳಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ."

ಗ್ರೇಮ್‌ನ ಕಾಲುಚೀಲ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಮೋಸ ಮಾಡಿ ಸಿಕ್ಕಿಬಿದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಈ ಕರುಣೆಯನ್ನು ಸಹಿಸಲಾಗಲಿಲ್ಲ. ಅದೂ ಕೆರಿನ್‌ಳ ಕಿವಿಗೆ! ಅವಳು ಅಲ್ಲಿ ಸಮುದ್ರ ನೋಡುತ್ತಾ ಅಯ್ಯೋ ಪಾಪ ಅಕ್ಕ ಎಂದಿರುತ್ತಾಳೆ.

ಗ್ರೇಮ್ ಬಂದು ಕೇಳಿದ, "ಏನೇ, ಕಾಲುಚೀಲದ ಜೊತೆ ಜಗಳಾನಾ?"

"ನನ್ ಕೈ ಕೆಟ್ಟಿದ್ಯೇನೋ ಗ್ರೇಮ್?"

"ಅಡುಗೆ ವಿಷಯಾನಾ? ಅದು ಯಾವಾಗ ಸರಿ ಇತ್ತು ಮಾರಾಯ್ತಿ?" ಎಂದು ನಗುತ್ತಾ, ನನ್ನ ಮುಖ ನೋಡಿ ನಗು ನಿಲ್ಲಿಸಿ, ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದ.

ಮರುದಿನ ಬೆಳಿಗ್ಗೆ ಗ್ರೇಮ್ ಅಪ್ಪನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಿತ್ತಳೆ ಚಾಕು ಕಿಟಕಿಯ ಕಟ್ಟೆಯ ಮೇಲಿತ್ತು. ನಾನು ಮೂರು ಕಲ್ಲುಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತೆ. ನಾನೇ ಹಾಳುಮಾಡಿದ ಅಂಚನ್ನು ಒರಟು ಕಲ್ಲಿನಲ್ಲಿ ಪೂರ್ತಿ ಕೆಡವಿ ಹೊಸದಾಗಿ ಕಟ್ಟಿದೆ. ತುದಿಯ ಹತ್ತಿರದ ಕಾರ್ಖಾನೆಯ ಓರೆಯನ್ನೂ ತಿದ್ದಿದೆ. ಎರಡು ಗಂಟೆ ಹಿಡಿಯಿತು. ಕೊನೆಗೆ ಒಂದು ಟೊಮೇಟೊ ತಂದು ಅದರ ಮೇಲೆ ಅಲಗನ್ನು ಒತ್ತದೆ ಸುಮ್ಮನೆ ಎಳೆದೆ. ಸಿಪ್ಪೆ ತಾನಾಗಿ ಬಿರಿಯಿತು. ಆ ಬಕೆಟ್ಟಿನ ಚಾಕು ಇನ್ನೆಂದೂ ಇಷ್ಟು ಹರಿತವಾಗಲಾರದು. ನೋಡಲಿ, ಯಾರ ಕೈ ಕೆಟ್ಟಿದೆಯೆಂದು ನೋಡಲಿ.

ಆಗ, ಒಂದರ ಪಕ್ಕ ಒಂದಿಟ್ಟು ಹೋಲಿಸುವ ಚಪಲ ಬಂತು. ಅಪ್ಪನ ಕೋಣೆಗೆ ಹೋಗಿ ಡ್ರಾಯರಿನಿಂದ ನನ್ನ ಪೆಟ್ಟಿಗೆಯನ್ನು ತಂದೆ. ಮೂಳೆಯ ಹಿಡಿ ಹಾಗೇ ಹೊಳೆಯುತ್ತಿತ್ತು. ದೊಡ್ಡ ಅಲಗನ್ನು ತೆರೆಯಲು ಉಗುರು ಸಿಕ್ಕಿಸುವ ಗೀರಿಗೆ ಹೆಬ್ಬೆರಳು ಕೊಟ್ಟೆ. ಒಳಗಿನ ಸ್ಪ್ರಿಂಗು ಬಿಗಿ. ಎಣ್ಣೆ ಮೆತ್ತಿದ್ದ ನನ್ನ ಉಗುರು ಎರಡು ಸಲ ಜಾರಿತು. ಮೂರನೆಯ ಸಲ ಬಗ್ಗಿ ನೋಡಿದಾಗ ಆ ಗೀರಿನ ಎರಡೂ ಬದಿಗೆ, ಕನ್ನಡಿಯಂಥ ಉಕ್ಕಿನ ಮೇಲೆ, ಸಾಲು ಸಾಲು ಸಣ್ಣ ಕಚ್ಚುಗಳು ಕಂಡವು. ಇಲಿ ಕಚ್ಚಿದ ಹಾಗೆ. ಮಧ್ಯದ ಅಲಗಿನ ಮೇಲೂ ಹಾಗೆಯೇ.

ಅದು ಇಕ್ಕಳದ ಹಲ್ಲಿನ ಗುರುತು. ಬೇಲಿಯ ತಂತಿ ಎಳೆಯುವ ಇಕ್ಕಳ. ನಮ್ಮ ಶೆಡ್ಡಿನಲ್ಲಿರುವುದು ಅದೊಂದೇ.

ಕುಳಿತಲ್ಲೇ ಕುಳಿತೆ. ಅಪ್ಪನ ಕೈಗಳನ್ನು ದಿನಾ ನೋಡುತ್ತೇನೆ. ಗಂಟುಗಳು ಊದಿವೆ, ಹೆಬ್ಬೆರಳು ಒಳಕ್ಕೆ ಬಾಗಿದೆ, ಉಗುರುಗಳು ಸೀಳಿವೆ. ಅಂಗಿಯ ಗುಂಡಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆಂದು ಬಲ್ಲೆ. ಆದರೂ ಮೂರು ತಿಂಗಳು ಕಾದು, ಬಿಗಿ ಸ್ಪ್ರಿಂಗಿನ, ಉಗುರಿನಿಂದ ಎಬ್ಬಿಸಬೇಕಾದ ಮೂರು ಅಲಗಿನ ಚಾಕು ತರಿಸಿದ್ದೆ. ಬಿಗಿ ಇದ್ದಷ್ಟೂ ಒಳ್ಳೆಯದೆಂದು ಅಂಗಡಿಯವನಿಗೆ ನಾನೇ ಹೇಳಿದ್ದೆ. ಅವನು ಶೆಡ್ಡಿನಲ್ಲಿ ಒಬ್ಬನೇ ನಿಂತು, ನನಗೆ ಕಾಣದ ಹಾಗೆ, ಮಗಳು ಕೊಟ್ಟ ಚಾಕುವನ್ನು ಇಕ್ಕಳದಿಂದ ತೆರೆಯಲು ಹೆಣಗಿದ್ದ.

ಅವರು ಹಿಂದಿರುಗಿದಾಗ ಎರಡೂ ಚಾಕುಗಳು ಮೇಜಿನ ಮೇಲಿದ್ದವು. ಗ್ರೇಮ್ ನನ್ನ ಮುಖ ನೋಡಿ ಕುರಿಗಳ ನೀರು ನೋಡಿಬರುತ್ತೇನೆಂದು ಹೊರಟುಹೋದ. ಅಪ್ಪ ಅರ್ಧ ಮರಗಟ್ಟಿದ ದವಡೆ ಹಿಡಿದುಕೊಂಡು ಕುಳಿತ.

"ಇಕ್ಕಳ ಹಾಕಿದ್ಯಾ ಅಪ್ಪಾ?"

ಅವನು ಮೂಳೆ ಹಿಡಿಯದನ್ನೇ ನೋಡಿದ. "ಎರಡು ಸಲ," ಅಂದ. "ಎರಡ್ನೇ ಸಲ ತೆಗೀತು. ಮುಚ್ಚೋಕೆ ಮಂಡಿಗೆ ಒತ್ತಬೇಕಾಯ್ತು. ಗುರುತು ಬಿತ್ತು. ಉಜ್ಜಿ ನೋಡ್ದೆ, ಹೋಗ್ಲಿಲ್ಲ."

"ನಂಗೊಂದು ಮಾತು ಹೇಳೋಕೆ ಏನಾಗಿತ್ತು?"

"ಏನಂತ ಹೇಳ್ಲಿ? ಅಷ್ಟು ಆಸೆಯಿಂದ ತರಿಸಿದ್ದೆ ನೀನು."

"ಕೈಲಾಗಲ್ಲ ಅಂತ ಕೆರಿನ್‌ಗೆ ಹೇಳಿದ್ದೆ ತಾನೆ?"

ಅದು ನನಗೆ ಆ ಕ್ಷಣದಲ್ಲೇ ಹೊಳೆದದ್ದು. ಅಪ್ಪ ತಲೆ ತಗ್ಗಿಸಿದ.

"ಬೇಸಿಗೇಲೇ ಹೇಳಿದ್ದೆ, ಹುಟ್ಟಿದಬ್ಬಕ್ಕೂ ಮುಂಚೆ. ಫೋನಲ್ಲಿ. ಹಳೇ ಚಾಕು ತೆಗಿಯೋಕಾಗ್ತಿಲ್ಲ, ಹೆಬ್ಬೆಟ್ಟಲ್ಲಿ ತ್ರಾಣ ಇಲ್ಲ ಅಂತ."

"ನೂರೈವತ್ತು ಮೈಲಿ ದೂರ ಇರೋಳಿಗೆ ಹೇಳ್ದೆ. ದಿನಾ ನಿನ್ ಮುಂದೆ ತಟ್ಟೆ ಇಡೋಳಿಗೆ ಇಲ್ಲ."

"ನಿಂಗೆ ಹೇಳಿದ್ರೆ ಹುಲ್ಲು ಹಾಕೋಕೂ ಬಿಡ್ತಿರ್ಲಿಲ್ಲ ಮೆರಿಲ್." ಸಿಟ್ಟಾದಾಗ ಮಾತ್ರ ಅವನು ನನ್ನ ಹೆಸರು ಹಿಡಿಯುತ್ತಾನೆ. "ನಾಲ್ಕು ಗಾಲಿ ಬೈಕಿಂದ ಒಂದ್ಸಲ ಬಿದ್ದೆ. ಅವತ್ತಿಂದ ಅದರ ಕೀಲಿ ಎಲ್ಲಿ ಹೋಯ್ತು? ಏಣಿ ಎಲ್ಲಿ ಹೋಯ್ತು? ಕೆರಿನ್ ಹಾಗಲ್ಲ. ಅಯ್ಯೋ ಅಂತಾಳೆ, ಫೋನಿಟ್ಟು ಮರೆತುಬಿಡ್ತಾಳೆ. ನೀನು ಮರೆಯಲ್ಲ. ನೀನು ಏನಾದ್ರೂ ಮಾಡ್ತೀಯ."

"ಅವಳೂ ಮರೀಲಿಲ್ವಲ್ಲ. ತಂದ್ಲಲ್ಲ." ಕೆರಿನ್ ಪರ ಈ ಮಾತು ನಾನೇ ಆಡಬೇಕಾಯಿತು.

"ಹೌದು," ಅಂದ ಅಪ್ಪ. "ನಂಗೂ ಆಶ್ಚರ್ಯ ಆಯ್ತು."

ನಾನು ಕಿತ್ತಳೆ ಚಾಕುವನ್ನು ಅವನ ಕಡೆ ಸರಿಸಿದೆ. ಆಮೇಲೆ ನಾನು ಹೇಳಿದೆ, "ಮೊನ್ನೆ ನಿನ್ ಚಾಕೂನ ಬೇಕಂತಲೇ ಮೊಂಡು ಮಾಡಿದ್ದೆ."

"ಗೊತ್ತು."

"ಗೊತ್ತಾ?"

"ಕೈ ಕೆಟ್ಟೋರು ಅಲ್ಲೊಂಚೂರು ಇಲ್ಲೊಂಚೂರು ಕೆಡಿಸ್ತಾರೆ. ಬುಡದಿಂದ ತುದಿತನಕ ಇಷ್ಟು ಸಮವಾಗಿ ಮೊಂಡು ಮಾಡೋಕೆ ಒಳ್ಳೇ ಕೈಯೇ ಬೇಕು." ಮರಗಟ್ಟಿದ ದವಡೆಯಲ್ಲಿ ಅರ್ಧ ನಗು ಮೂಡಿತು. "ಅಷ್ಟು ನೀಟಾಗಿ ಮಾಡಿದ್ದೆ."

"ಹಾಗಾದ್ರೆ ಕೆರಿನ್‌ಗೆ ಯಾಕೆ ಹಾಗಂದೆ? ಅಕ್ಕಂಗೆ ವಯಸ್ಸಾಯ್ತು, ಕಣ್ಣು ಮಂಜು ಅಂತ?"

"ಮತ್ತೇನಂತ ಹೇಳ್ಬೇಕಿತ್ತು? ನಿಮ್ಮಕ್ಕ ಹೊಟ್ಟೆಕಿಚ್ಚಿಗೆ ನನ್ ಚಾಕು ಹಾಳು ಮಾಡಿದ್ಲು ಅಂತಾನಾ? ವಯಸ್ಸಾಯ್ತು ಅನ್ನೋದು ಸುಲಭ. ಎಲ್ರಿಗೂ ಆಗತ್ತೆ."

ನನಗೆ ಅಳುವೂ ಬಂತು, ಅವನ ಮೇಲೆ ಕೋಪವೂ ಬಂತು. ಎದ್ದು ಚಹಾಕ್ಕೆ ನೀರಿಟ್ಟೆ. ನೀರು ಕುದಿಯುವಷ್ಟರಲ್ಲಿ ಹಿಂದೆ ಟಕ್ ಎಂದಿತು. ಅಪ್ಪ ಹೊಸ ಅಂಚನ್ನು ಹೆಬ್ಬೆರಳಿಂದ ಸವರಿ ನೋಡಿ, ತಟ್ಟನೆ ಬೆರಳು ಹಿಂದೆಗೆದುಕೊಂಡ.

"ಅಬ್ಬಬ್ಬಾ," ಅಂದ. "ಇದು ಇಪ್ಪತ್ತು ಡಾಲರಿನ ಅಂಚಲ್ಲ."

ಆ ವಾರ ನಾನು ಶೆಡ್ಡಿನ ಮೊಳೆಗೆ ಬೈಕಿನ ಕೀಲಿಯನ್ನು ತಂದು ನೇತುಹಾಕಿದೆ. ಏಣಿಯನ್ನು ಮಾತ್ರ ಕೊಡಲಿಲ್ಲ. ಮೂಳೆ ಹಿಡಿಯ ಚಾಕುವನ್ನು ನೀನೇ ಇಟ್ಟುಕೋ ಎಂದ ಅಪ್ಪ; ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದೆ. ಕೊನೆಗೆ ಅದು ಊಟದ ಮೇಜಿಗೆ ಬಂತು. ಭಾನುವಾರ ಮಧ್ಯಾಹ್ನ ಕುರಿಮಾಂಸದ ಊಟ ಮುಗಿದ ಮೇಲೆ ಅಪ್ಪ ಅದನ್ನು ನನ್ನ ಕಡೆ ತಳ್ಳಿ, "ತೆಗೆದುಕೊಡು," ಅನ್ನುತ್ತಾನೆ. ನಾನು ತೆರೆದುಕೊಡುತ್ತೇನೆ. ಸೇಬಿನ ಸಿಪ್ಪೆಯನ್ನು ಅದರಿಂದ ಸುರುಳಿಯಾಗಿ ಬಿಡಿಸುತ್ತಾನೆ. ಆ ಹತ್ತು ನಿಮಿಷ ನನಗೆ ತುಂಬ ಇಷ್ಟ. ಸಂಜೆ ಅವನು ಕೆರಿನ್‌ಗೆ ಫೋನು ಮಾಡಿ ಒಂದು ಗಂಟೆ ಮಾತಾಡುವಾಗ ಆ ಇಷ್ಟ ಕರಗಿಹೋಗುತ್ತದೆ.

ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಬರುವ ಅಪ್ಪಂದಿರ ದಿನಕ್ಕೆ ಕೆರಿನ್ ಬಂದಳು. ಈ ಸಲ ಎರಡು ಗಂಟೆಯಷ್ಟೇ ತಡ. ಬಂದವಳೇ ನನ್ನ ಹೆಗಲ ಮೇಲೆ ಕೈಹಾಕಿದಳು.

"ಅಕ್ಕ, ಸಾಣೆ ಹಿಡಿಯೋದು ನಂಗೆ ಕಲಿಸು. ನಿಂಗೆ ಕಷ್ಟ ಆಗ್ತಿದ್ಯಂತೆ. ಅಪ್ಪ ನಂಗೆ ಕಲಿಸ್ಲೇ ಇಲ್ಲ ನೋಡು. ನೀವಿಬ್ರೂ ಆ ಮೆಟ್ಟಿಲ ಮೇಲೆ ಕೂತಿರ್ತಿದ್ರಿ, ನಾನು ಪಿಕಪ್ಪಲ್ಲಿ ಒಬ್ಳೇ ಹಾಡ್ಕೊಂಡು ಕಾಯ್ತಿದ್ದೆ."

ಅಪ್ಪ ಪತ್ರಿಕೆಯ ಹಿಂದೆ ಅಡಗಿಕೊಂಡ. ನನಗೆ ಕಷ್ಟವಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

"ಬಾ," ಎಂದೆ.

ಜಗುಲಿಯಲ್ಲಿ ಕುಳಿತು ಅಪ್ಪನ ಕಿತ್ತಳೆ ಚಾಕುವಿನ ಮೇಲೇ ಕಲಿಸಿದೆ. ಕಲ್ಲಿಗೆ ಎಣ್ಣೆ ಎಷ್ಟು, ಅಲಗಿನ ಬೆನ್ನು ಎಷ್ಟು ಎತ್ತಬೇಕು, ತುದಿ ಬಂದಾಗ ಮೊಣಕೈ ಹೇಗೆ ತಿರುಗಬೇಕು, ಎಲ್ಲ. ಅವಳ ಕೈಯ ಮೇಲೆ ನನ್ನ ಕೈಯಿಟ್ಟು ಎಳೆಸಿದೆ. ಅವಳ ಕೈ ಮೆತ್ತಗಿತ್ತು, ಬೇಗ ಕಲಿಯಿತು. ಅದೂ ನನಗೆ ಹಿಡಿಸಲಿಲ್ಲ. ಕಲ್ಲಿನ ಕೆಲಸ ಮುಗಿದ ಮೇಲೆ ಅಂಚಿನಲ್ಲಿ ಕಣ್ಣಿಗೆ ಕಾಣದ ಉಕ್ಕಿನ ಸಿಬಿರೊಂದು ಉಳಿಯುತ್ತದೆ. ಬೂಟಿನ ಚರ್ಮದ ಮೇಲೆ ಹಿಮ್ಮುಖವಾಗಿ ಇಪ್ಪತ್ತು ಸಲ ಸವರಿ ಅದನ್ನು ಬೀಳಿಸಬೇಕು. ಇಲ್ಲದಿದ್ದರೆ ಆ ಕ್ಷಣಕ್ಕೆ ಹರಿತ, ನಾಳೆಗೆ ಇಲ್ಲ. ಅದನ್ನು ನಾನು ಹೇಳಲಿಲ್ಲ.

ಕೆರಿನ್ ಪತ್ರಿಕೆಯ ಹಾಳೆ ಸೀಳಿ ತೋರಿಸಿ ಕುಣಿದಳು. "ನೋಡಪ್ಪಾ! ಅಕ್ಕಂಗಿಂತ ಚೆನ್ನಾಗಿದ್ಯಾ?"

"ಪರ್ವಾಗಿಲ್ಲ," ಅಂದ ಅಪ್ಪ, ಹೆಬ್ಬೆರಳು ಸವರಿ. ನನ್ನ ಕಡೆ ಒಮ್ಮೆ ನೋಡಿ ಚಾಕುವನ್ನು ಜೇಬಿಗೆ ಹಾಕಿಕೊಂಡ.

ಮಂಗಳವಾರ ಅವಳು ಊರಿಗೆ ಹೋದಳು. ಬುಧವಾರ ಬೆಳಿಗ್ಗೆ ಹುಲ್ಲು ಹಾಕಿ ಬಂದ ಅಪ್ಪ ಕಿತ್ತಳೆ ಚಾಕುವನ್ನು ಮೇಜಿನ ಮೇಲಿಟ್ಟ.

"ಮೂರು ಹುರಿಗೇ ಕೈಕೊಡ್ತು. ಕೊನೇದು ಹೇಳ್ಕೊಡ್ಲಿಲ್ಲ ಅಲ್ವಾ ಅವಳಿಗೆ?"

"ಇಲ್ಲ."

"ಮುಂದಿನ್ ಸಲ ಬಂದಾಗ ಹೇಳ್ಕೊಡು."

"ನೋಡೋಣ," ಎಂದೆ. ಚಾಕು ತೆಗೆದುಕೊಂಡು, ಜಗುಲಿಗೆ ಹೋಗಿ ಬೂಟು ಹುಡುಕತೊಡಗಿದೆ.